ಮಾಗಿಯೊಳಗಿನ ವೈಶಾಖ

ಕಾಲಕ್ಕೊಂದು ಕ್ರಮವುಂಟು ಎಂಬ ನಂಬಿಕೆಯ ಮೇಲೆ ಮನುಷ್ಯನ ಬಾಳು ನಿಂತಿದೆ. ‘ಋತು’ ಎಂಬ ಶಬ್ದವೂ ‘ಋತ’ ಎಂಬ ಶಬ್ದವೂ ಒಂದೇ ಧಾತುವಿನಿಂದ ಹುಟ್ಟಿದವೆಂಬುದನ್ನು ವ್ಯಾಕರಣ ಬಲ್ಲವರೆಲ್ಲರೂ ಅರಿತಿದ್ದಾರೆ. ಯಾವುದು ತನ್ನ ಹೊತ್ತಿಗೆ ತಪ್ಪದೆ ನಡೆದು ಬರುವುದೋ ಅದು ಋತು. ಆ ತಪ್ಪದಿರುವಿಕೆಯೇ ಋತ. ರೈತನು ಬೀಜವನ್ನು ಕೈಗೆ ತೆಗೆದುಕೊಳ್ಳುವುದೂ, ತಾಯಿಯು ಹಪ್ಪಳ ಸಂಡಿಗೆಗಳನ್ನು ಮಾಳಿಗೆಯ ಮೇಲೆ ಹರವುವುದೂ, ನಾವು ಶಾಲೆಯ ವೇಳಾಪಟ್ಟಿಯನ್ನು ಹಾಕುವುದೂ ಈ ಒಂದು ಭರವಸೆಯಿಂದಲೇ. ಆದಕಾರಣ ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದನ್ನು ನಮ್ಮ ಹಿರಿಯರು ‘ಅಕಾಲ’ವೆಂದು ಕರೆದು, ಅದನ್ನು ಸಂಶಯದಿಂದ ನೋಡಿದರು. ಅಕಾಲದ ಮಳೆಯನ್ನು ಹಳಿಯುವುದು ಸುಲಭ. ಅದು ಕಣದಲ್ಲಿಯ ಕಾಳನ್ನು ಕೆಡಿಸುತ್ತದೆ. ಆದರೆ ಅಕಾಲದಲ್ಲಿ ಬಂದ ವಸ್ತು ಹಿತವಾಗಿದ್ದರೆ ಏನು ಮಾಡಬೇಕು? ಕೊರೆಯುವ ಚಳಿಯ ತಿಂಗಳಲ್ಲಿ ಎಳೆಬಿಸಿಲು ಬಂದು ಮೈಯನ್ನು ಸವರಿದರೆ ಅದನ್ನು ಹಳಿಯುವವರು ಯಾರು?

ಈ ಪ್ರಶ್ನೆಯನ್ನು ನಾನು ಶಾಸ್ತ್ರಗ್ರಂಥಗಳಿಂದ ಎತ್ತಿಕೊಂಡದ್ದಲ್ಲ. 2023ನೆಯ ಇಸವಿಯ ಚಳಿಗಾಲದಲ್ಲಿ ಅಮೆರಿಕ ದೇಶದ ಟೆನ್ನೆಸ್ಸೀ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿದ್ದ ಎರಡು ತಿಂಗಳು ಅದನ್ನು ನನಗೆ ಕಲಿಸಿದವು. ಸ್ಮರಣ ಸಂಚಿಕೆಗಾಗಿ ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ಬರೆಯುವ ರೂಢಿಯನ್ನು ಈ ಸಲ ಬದಿಗಿಟ್ಟು ಇದನ್ನೇ ಆರಿಸಿಕೊಂಡೆನು. ನಮ್ಮ ಶಾಲೆಯಲ್ಲಿ ಕಲಿತವರು, ಅವರ ಮಕ್ಕಳು, ಆ ದೇಶದ ದಕ್ಷಿಣ ಮತ್ತು ಮಧ್ಯ ಭಾಗಗಳಲ್ಲಿ ಇಂದು ಬಾಳು ಕಟ್ಟಿಕೊಂಡಿದ್ದಾರೆ. ಅವರ ತಂದೆತಾಯಿಗಳು ಇಲ್ಲಿ ಕುಳಿತು ದೂರವಾಣಿಯಲ್ಲಿ ‘ಅಲ್ಲಿ ಚಳಿ ಹೆಂಗೈತಿ?’ ಎಂದು ಕೇಳುತ್ತಾರೆ. ‘ಈ ವರ್ಷ ಚಳಿ ಇಲ್ಲ, ಬೆಚ್ಚಗೈತಿ’ ಎಂಬ ಉತ್ತರ ಬಂದರೆ ಸಮಾಧಾನಪಡುತ್ತಾರೆ. ಆ ಸಮಾಧಾನದ ಒಳಗೆ ಏನು ಅಡಗಿದೆಯೆಂಬುದನ್ನು ತಿಳಿಸುವುದೇ ಈ ಬರಹದ ಉದ್ದೇಶ.

ಮೊದಲು ಒಂದು ಶಬ್ದವಿಚಾರ. ಗಾಳಿಯ ಉಪದ್ರವಗಳನ್ನು ನಮ್ಮ ಭಾಷೆ ಹಲವು ಹೆಸರುಗಳಿಂದ ಗುರುತಿಸಿದೆ: ಬಿರುಗಾಳಿ, ಸುಳಿಗಾಳಿ, ಸುಂಟರಗಾಳಿ, ಚಂಡಮಾರುತ. ಪತ್ರಿಕೆಗಳು ಇವನ್ನು ಒಮ್ಮೊಮ್ಮೆ ಒಂದರ ಬದಲಿಗೆ ಇನ್ನೊಂದನ್ನು ಬಳಸಿಬಿಡುತ್ತವೆ. ಚಂಡಮಾರುತವು ಬೆಚ್ಚನೆಯ ಸಮುದ್ರದ ಮೇಲೆ ಹುಟ್ಟತಕ್ಕದ್ದು. ನೂರಾರು ಕಿಲೋಮೀಟರು ಅಗಲವಾದದ್ದು. ದಿನಗಟ್ಟಲೆ ಮುಂಚಿತವಾಗಿ ಅದರ ದಾರಿಯನ್ನು ಹೇಳಬಹುದು. ಅಮೆರಿಕನ್ನರು ಟಾರ್ನಾಡೋ ಎಂದು ಕರೆಯುವ ಸುಂಟರಗಾಳಿಯು ನೆಲದ ಮೇಲಣ ಗುಡುಗುಮೋಡದಿಂದ ಇಳಿಯುವ ಗಾಳಿಯ ಕಂಬ. ಅದರ ಅಗಲ ಸಾಮಾನ್ಯವಾಗಿ ಕೆಲವು ನೂರು ಮೀಟರು. ಆಯುಸ್ಸು ಬಹುಮಟ್ಟಿಗೆ ಕೆಲವೇ ನಿಮಿಷ. ನಮ್ಮ ಎರೆಹೊಲಗಳಲ್ಲಿ ಬೇಸಿಗೆಯ ನಡುಮಧ್ಯಾಹ್ನ ಧೂಳನ್ನೂ ತರಗೆಲೆಯನ್ನೂ ಎತ್ತಿ ಕುಣಿಸುವ ಸುಳಿಗಾಳಿಗೂ ಇದಕ್ಕೂ ಆಕಾರದಲ್ಲಿ ಮಾತ್ರ ಹೋಲಿಕೆ. ನಮ್ಮದು ಕಾದ ನೆಲದಿಂದ ಏಳುವಂಥದು, ನಿರ್ಮಲ ಆಕಾಶದ ಕೆಳಗೆ ಆಡುವಂಥದು. ಅದು ಬಡಗಿಯ ಕೈಯಿಂದ ಹೊರೆಯನ್ನು ಕಸಿದೀತು, ಬಡಗಿ ಕಟ್ಟಿದ ಮನೆಯನ್ನು ಕಸಿಯಲಾರದು. ಟಾರ್ನಾಡೋ ಮನೆಯನ್ನೇ ಕಸಿಯಬಲ್ಲದು.

ಅದು ಹುಟ್ಟುವ ಬಗೆಯನ್ನು ಅಳಿಯಂದಿರು ನನಗೆ ವಿವರಿಸಿದರು. ತರುವಾಯ ಗ್ರಂಥಾಲಯದ ಪುಸ್ತಕಗಳಿಂದಲೂ ತಿಳಿದುಕೊಂಡೆನು. ಅಮೆರಿಕದ ದಕ್ಷಿಣಕ್ಕೆ ಮೆಕ್ಸಿಕೋ ಕೊಲ್ಲಿಯಿದೆ. ಅಲ್ಲಿಂದ ತೇವಭರಿತವಾದ ಬೆಚ್ಚನೆಯ ಗಾಳಿ ಉತ್ತರಕ್ಕೆ ಸರಿಯುತ್ತದೆ. ಉತ್ತರದಿಂದ ಕೆನಡಾದ ಶುಷ್ಕ ಶೀತಲ ವಾಯು ಕೆಳಗಿಳಿಯುತ್ತದೆ. ಇವೆರಡನ್ನೂ ತಡೆಯುವ ಅಡ್ಡಬೆಟ್ಟಗಳು ನಡುವೆ ಇಲ್ಲ. ನಮ್ಮ ಹಿಮಾಲಯದಂತಹ ಗೋಡೆ ಆ ದೇಶಕ್ಕಿಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ವೇಗದ ವಾಯುಪ್ರವಾಹವೊಂದು ಹರಿಯುತ್ತದೆ. ನೆಲದ ಹತ್ತಿರ ಗಾಳಿ ಒಂದು ದಿಕ್ಕಿಗೆ ಮೆಲ್ಲಗೆ, ಮೇಲೆ ಇನ್ನೊಂದು ದಿಕ್ಕಿಗೆ ರಭಸದಿಂದ ಬೀಸುವಾಗ ನಡುವಿನ ಗಾಳಿಯು ಲಟ್ಟಣಿಗೆಯಂತೆ ಅಡ್ಡಲಾಗಿ ಉರುಳತೊಡಗುತ್ತದೆ. ಕೆಳಗಿನ ಬೆಚ್ಚನೆಯ ತೇವದ ಗಾಳಿ ಜೋರಾಗಿ ಮೇಲೇರಿದರೆ ಆ ಲಟ್ಟಣಿಗೆಯನ್ನು ಎತ್ತಿ ನಿಲುವಾಗಿ ನಿಲ್ಲಿಸುತ್ತದೆ. ಆಗ ಮೋಡವೇ ತಿರುಗತೊಡಗುತ್ತದೆ. ಇಂಥ ತಿರುಗುಮೋಡಗಳಲ್ಲಿ ಕೆಲವು ಮಾತ್ರ ನೆಲಕ್ಕೆ ಸುಂಟರಗಾಳಿಯನ್ನು ಇಳಿಸುತ್ತವೆ.

ಇಲ್ಲಿಯೇ ಅಕಾಲದ ಬಿಸಿಲಿನ ಮರ್ಮವಿದೆ. ಚಳಿಗಾಲದಲ್ಲಿ ಜೆಟ್ ಸ್ಟ್ರೀಮ್ ದಕ್ಷಿಣಕ್ಕೆ ಸರಿದು ಬಲವಾಗಿರುತ್ತದೆ. ಅಂದರೆ ಗಾಳಿಯನ್ನು ಹೊರಳಿಸುವ ಶಕ್ತಿಗೆ ಕೊರತೆಯಿಲ್ಲ. ಕೊರತೆಯಿರುವುದು ಕೆಳಗಿನ ಬಿಸುಪಿಗೆ ಮತ್ತು ತೇವಕ್ಕೆ. ಒಲೆ ಹೂಡಿದೆ, ಒಣಸೌದೆ ಒಟ್ಟಿದೆ, ಕಿಡಿಯೊಂದೇ ಇಲ್ಲ ಎಂಬಂಥ ಸ್ಥಿತಿ. ಆ ಚಳಿಯೇ ಜನರನ್ನು ಕಾಯುವ ಕವಚ. ಡಿಸೆಂಬರಿನಲ್ಲಿ ಕೊಲ್ಲಿಯ ಗಾಳಿ ಬಂದು ವಸಂತದಂಥ ಹಿತವನ್ನು ತಂದಿತೆಂದರೆ, ಇಲ್ಲದ ಕಿಡಿಯೂ ಬಂದು ಸೇರಿತೆಂದೇ ಅರ್ಥ. ಬೆಚ್ಚಗಿನ ದಿನಗಳೆಲ್ಲವೂ ಕೇಡಿನ ದಿನಗಳಲ್ಲ. ಆದರೆ ಚಳಿಗಾಲದ ಕೇಡಿನ ದಿನಗಳು ಬಹುಮಟ್ಟಿಗೆ ಬೆಚ್ಚಗಿನ ದಿನಗಳಾಗಿ ಬರುತ್ತವೆ.

ಹಾಗೆ ಬಂದದ್ದಕ್ಕೆ ಇತಿಹಾಸದ ಸಾಕ್ಷಿಯುಂಟು. 2008ರ ಫೆಬ್ರುವರಿ 5 ಮತ್ತು 6ರಂದು ಟೆನ್ನೆಸ್ಸೀ, ಆರ್ಕನ್ಸಾ, ಕೆಂಟಕಿ, ಅಲಬಾಮಾ ರಾಜ್ಯಗಳಲ್ಲಿ ಸುಂಟರಗಾಳಿಗಳಿಂದ 57 ಜನರು ಸತ್ತರು. 2021ರ ಡಿಸೆಂಬರ್ 10ರ ರಾತ್ರಿ ಒಂದೇ ಸುಂಟರಗಾಳಿಯು ಪಶ್ಚಿಮ ಕೆಂಟಕಿಯಲ್ಲಿ ಸುಮಾರು 266 ಕಿಲೋಮೀಟರು ನೆಲವನ್ನು ಉತ್ತುಕೊಂಡು ಹೋಯಿತು. ಅದರ ಗಾಳಿಯ ವೇಗವನ್ನು ಗಂಟೆಗೆ 300 ಕಿಲೋಮೀಟರಿಗೂ ಮಿಗಿಲೆಂದು ಲೆಕ್ಕ ಹಾಕಿದರು. ಸುಮಾರು ಹತ್ತು ಸಾವಿರ ಜನವಸತಿಯ ಮೇಫೀಲ್ಡ್ ಎಂಬ ಪಟ್ಟಣದ ನಡುಭಾಗ ನೆಲಸಮವಾಯಿತು. ಅಲ್ಲಿಯ ಮೇಣದಬತ್ತಿಯ ಕಾರ್ಖಾನೆಯೊಂದರಲ್ಲಿ ರಾತ್ರಿಪಾಳಿಯಲ್ಲಿ ದುಡಿಯುತ್ತಿದ್ದವರಲ್ಲಿ ಒಂಬತ್ತು ಜನರು ಮಡಿದರು. ಆ ಒಂದು ಸುಂಟರಗಾಳಿಯಿಂದಲೇ 57 ಜೀವಗಳು ಹೋದವು. ಅದಾಗಿ ಐದೇ ದಿನಗಳಿಗೆ, ಡಿಸೆಂಬರ್ 15ರಂದು, ಹಿಮಕ್ಕೆ ಹೆಸರಾದ ಮಿನ್ನೆಸೋಟ ರಾಜ್ಯದಲ್ಲಿ ಸುಂಟರಗಾಳಿ ಕಾಣಿಸಿತು. ಆ ರಾಜ್ಯದ ದಾಖಲೆಗಳಲ್ಲಿ ಡಿಸೆಂಬರ್ ತಿಂಗಳಿನಲ್ಲಿ ಅಂಥದು ಅದೇ ಮೊದಲು. ಆ ಡಿಸೆಂಬರು ಅಮೆರಿಕದ ಮುಖ್ಯ ಭೂಭಾಗದಲ್ಲಿ ದಾಖಲೆಗಳ ಕಾಲದಿಂದಲೇ ಅತ್ಯಂತ ಬೆಚ್ಚಗಿನ ಡಿಸೆಂಬರ್ ಆಗಿತ್ತು. ವಾಡಿಕೆಗಿಂತ ಸುಮಾರು 3.7 ಡಿಗ್ರಿ ಸೆಲ್ಸಿಯಸ್ ಹೆಚ್ಚು. 2024ರ ಫೆಬ್ರುವರಿ 8ರಂದು ವಿಸ್ಕಾನ್ಸಿನ್ ರಾಜ್ಯವೂ ತನ್ನ ಮೊದಲ ಫೆಬ್ರುವರಿಯ ಸುಂಟರಗಾಳಿಗಳನ್ನು ಕಂಡಿತು.

ಭೂಮಿಯ ಕಾವು ಏರುತ್ತಿರುವುದಕ್ಕೂ ಇದಕ್ಕೂ ಸಂಬಂಧವೇನೆಂದು ಯಾರಾದರೂ ಕೇಳಿಯಾರು. ವಿಜ್ಞಾನಿಗಳು ಇಲ್ಲಿ ಅಳೆದು ತೂಗಿ ಮಾತಾಡುತ್ತಾರೆ, ಮತ್ತು ಅದು ವಿದ್ವಜ್ಜನರಿಗೆ ಒಪ್ಪುವ ನಡತೆ. ಚಳಿಗಾಲಗಳು ಬೆಚ್ಚಗಾಗುತ್ತಿರುವುದು ನಿಶ್ಚಿತ. ವರ್ಷವೊಂದಕ್ಕೆ ಬೀಳುವ ಬಲವಾದ ಸುಂಟರಗಾಳಿಗಳ ಒಟ್ಟು ಸಂಖ್ಯೆ ಏರಿದೆಯೆನ್ನಲು ಸ್ಪಷ್ಟವಾದ ಆಧಾರ ಸಾಲದು. ಆದರೆ ಅವು ಕಾಣಿಸುವ ಕ್ಷೇತ್ರ ಸರಿಯುತ್ತಿದೆ. ವಿಕ್ಟರ್ ಜೆನ್ಸಿನಿ ಮತ್ತು ಹೆರಾಲ್ಡ್ ಬ್ರೂಕ್ಸ್ ಎಂಬಿಬ್ಬರು 1979ರಿಂದ 2017ರವರೆಗಿನ ದಾಖಲೆಗಳನ್ನು ಶೋಧಿಸಿ, ಪಶ್ಚಿಮದ ಬಯಲುಸೀಮೆಯಲ್ಲಿ ಅವು ತುಸು ತಗ್ಗಿ, ಟೆನ್ನೆಸ್ಸೀ, ಮಿಸಿಸಿಪ್ಪಿ, ಕೆಂಟಕಿಗಳ ಕಡೆಗೆ ಹೆಚ್ಚುತ್ತಿರುವುದನ್ನು 2018ರಲ್ಲಿ ತೋರಿಸಿದರು. ಆ ಪೂರ್ವದ ಸೀಮೆಯಾದರೋ ಗುಡ್ಡ ಕಾಡುಗಳದು. ಬಯಲಿನಲ್ಲಿ ದೂರದಿಂದ ಕಾಣುವ ಗಾಳಿಯ ಕಂಬ ಅಲ್ಲಿ ಮರಗಳ ಮರೆಯಲ್ಲಿ ಬರುತ್ತದೆ. ಮಾಗಿಯ ದಿನಗಳಲ್ಲಿ ಹೊತ್ತು ಬೇಗ ಮುಳುಗುವುದರಿಂದ ಅನೇಕ ವೇಳೆ ಕತ್ತಲಲ್ಲಿ ಬರುತ್ತದೆ. ಜನರು ಮಲಗಿರುವ ಹೊತ್ತಿನ ಸುಂಟರಗಾಳಿ ಹಗಲಿನದಕ್ಕಿಂತ ಇಮ್ಮಡಿಗೂ ಹೆಚ್ಚಾಗಿ ಪ್ರಾಣಾಂತಿಕವೆಂದು ಅಲ್ಲಿಯ ಲೆಕ್ಕಗಳು ಹೇಳುತ್ತವೆ.

ಇನ್ನು ನಮ್ಮ ಮನೆಯ ಮಾತು. ಮಗಳ ಎರಡನೆಯ ಬಾಣಂತನಕ್ಕೆಂದು ನಾನೂ ನನ್ನ ಮಡದಿಯೂ ನವೆಂಬರಿನ ಮೊದಲ ವಾರದಲ್ಲಿ ಅಲ್ಲಿಗೆ ಹೋಗಿದ್ದೆವು. ಮಗಳೂ ಅಳಿಯಂದಿರೂ 2017ರಿಂದ ನ್ಯಾಶ್‌ವಿಲ್ ನಗರದ ಉತ್ತರದ ಅಂಚಿನಲ್ಲಿ ವಾಸವಾಗಿದ್ದಾರೆ. ಹಿರಿಯ ಮೊಮ್ಮಗಳಿಗೆ ಐದು ವರ್ಷ. ಗಂಡು ಕೂಸು ನವೆಂಬರಿನ ನಡುವಿನಲ್ಲಿ ಹುಟ್ಟಿತು. ಆಗ ಚಳಿ ತಕ್ಕಷ್ಟಿತ್ತು. ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕೂಸಿಗೆ ಕುಂಚಿಗೆ, ಇವುಗಳ ಉಸ್ತುವಾರಿಯಲ್ಲಿ ನನ್ನ ಮಡದಿ ಹಗಲಿರುಳು ತೊಡಗಿದ್ದಳು. ಡಿಸೆಂಬರಿನ ಎರಡನೆಯ ವಾರ ಬರುವಷ್ಟರಲ್ಲಿ ಹವೆ ತಿರುಗಿತು. ನಮ್ಮ ಪಂಚಾಂಗದಂತೆ ಅದು ಕಾರ್ತಿಕ ಬಹುಳ. ಹೇಮಂತವು ಹೊಸ್ತಿಲಲ್ಲಿ ನಿಂತಿದ್ದ ಕಾಲ. ದಕ್ಷಿಣದಿಂದ ನಮ್ಮ ಕರಾವಳಿಯಂಥ ಹಸಿಗಾಳಿ ಬೀಸಿತು. ಮಡದಿಯು ಕಿಟಕಿಗಳನ್ನು ತೆರೆದು, ಕೂಸಿನ ಬಟ್ಟೆಗಳನ್ನು ಹಿತ್ತಲಲ್ಲಿ ಹರವಿ, “ಬಾಣಂತಿಗೆ ದೇವರು ಬಿಸಲು ಕೊಟ್ಟ ನೋಡ್ರಿ” ಎಂದು ಸಂತೋಷಪಟ್ಟಳು. ಮಗಳು ಮಾತ್ರ ನಗಲಿಲ್ಲ. “ಅವ್ವಾ, ಇಲ್ಲೆ ಡಿಸೆಂಬರದಾಗ ಹಿಂಗ ಬೆಚ್ಚಗಾತಂದ್ರ ನಾವು ಬೂಟು ಹುಡುಕಿ ಇಡ್ತೀವಿ” ಎಂದಳು.

ಬೂಟಿಗೂ ಬಿಸಿಲಿಗೂ ಏನು ಸಂಬಂಧವೆಂದು ಕೇಳಿದೆವು. ಮನೆ ಮುರಿದು ಬಿದ್ದರೆ ನೆಲದ ತುಂಬ ಗಾಜು ಮತ್ತು ಮೊಳೆಗಳಿರುತ್ತವೆ. ಬದುಕಿ ಉಳಿದವನು ಬರಿಗಾಲಿನಲ್ಲಿ ಹೊರಗೆ ನಡೆಯಲಾರ. ಅದಕ್ಕಾಗಿ ಮನೆಯವರೆಲ್ಲರ ಬೂಟುಗಳನ್ನು ಮಾಡಿಲ ಮೆಟ್ಟಿಲುಗಳ ಕೆಳಗಿನ ಚಿಕ್ಕ ಕೋಣೆಯಲ್ಲಿ ಸಾಲಾಗಿ ಜೋಡಿಸಿದರು. ಜೊತೆಗೆ ಕೈದೀಪ, ಸೀಟಿ, ನೀರು, ಔಷಧ, ಮುಖ್ಯ ಕಾಗದಪತ್ರಗಳು, ಮೊಮ್ಮಗಳ ಸೈಕಲ್ ಹೆಲ್ಮೆಟ್ಟು ಹಾಗೂ ದೊಡ್ಡವರ ಹೆಲ್ಮೆಟ್ಟುಗಳು. ಆ ನಗರ ಸುಣ್ಣಕಲ್ಲಿನ ಬಂಡೆಯ ಮೇಲೆ ನಿಂತಿದೆ. ನೆಲಮಾಳಿಗೆ ಎಲ್ಲ ಮನೆಗಳಿಗೂ ಇಲ್ಲ. ಮನೆಗಳು ಮರದ ಚೌಕಟ್ಟಿನವು. ಆದ್ದರಿಂದ ಕೆಳಗಿನ ಅಂತಸ್ತಿನಲ್ಲಿ, ಹೊರಗೋಡೆಗೆ ತಾಕದ, ಕಿಟಕಿಯಿಲ್ಲದ ಕೋಣೆಯೇ ಅವರ ಗವಿ. ಕೂಸನ್ನು ಕಾರಿನಲ್ಲಿ ಕೂರಿಸುವ ಪಟ್ಟಿಯ ಆಸನವನ್ನೂ ಅಳಿಯಂದಿರು ಆ ಕೋಣೆಗೆ ತಂದಿಟ್ಟರು. ಎತ್ತಿಕೊಂಡ ಕೈ ಸಡಿಲವಾದರೂ ಪಟ್ಟಿ ಸಡಿಲವಾಗದು.

ಅಲ್ಲಿಯ ಹವಾಮಾನ ಇಲಾಖೆ ಎರಡು ಬಗೆಯ ಸೂಚನೆಗಳನ್ನು ಹೊರಡಿಸುತ್ತದೆ: ಒಂದು ‘ವಾಚ್’, ಇನ್ನೊಂದು ‘ವಾರ್ನಿಂಗ್’. ಕನ್ನಡದಲ್ಲಿ ಎರಡನ್ನೂ ಎಚ್ಚರಿಕೆಯೆಂದೇ ಅನುವಾದಿಸುವ ಸಂಭವವುಂಟು. ಆದರೆ ಅರ್ಥಭೇದ ದೊಡ್ಡದು. ‘ವಾಚ್’ ಎಂದರೆ ಸುಂಟರಗಾಳಿಗೆ ಬೇಕಾದ ಸಾಮಗ್ರಿಯೆಲ್ಲ ಆಕಾಶದಲ್ಲಿ ಕೂಡಿದೆ, ಸಿದ್ಧರಾಗಿರಿ ಎಂದು. ‘ವಾರ್ನಿಂಗ್’ ಎಂದರೆ ಅದು ಕಣ್ಣಿಗೋ ರೇಡಾರಿಗೋ ಬಿದ್ದಿದೆ, ಈ ಕ್ಷಣವೇ ಒಳಗೆ ಸೇರಿರಿ ಎಂದು. ಮೊದಲನೆಯದಕ್ಕೆ ಗಂಟೆಗಳ ಅವಕಾಶ. ಎರಡನೆಯದಕ್ಕೆ ಸರಾಸರಿ ಹತ್ತು ನಿಮಿಷಗಳ ಆಸುಪಾಸು. ಒಂದು ಕಾಲದಲ್ಲಿ ಜನರು ಗಾಬರಿಪಟ್ಟಾರೆಂದು ಮುನ್ಸೂಚನೆಗಳಲ್ಲಿ ಟಾರ್ನಾಡೋ ಎಂಬ ಶಬ್ದವನ್ನೇ ಬಳಸಗೊಡುತ್ತಿರಲಿಲ್ಲವಂತೆ. 1948ರ ಮಾರ್ಚ್ 25ರಂದು ಓಕ್ಲಹೋಮಾದ ವಾಯುಸೇನೆಯ ನೆಲೆಯೊಂದರಲ್ಲಿ ಫಾಬುಷ್ ಮತ್ತು ಮಿಲ್ಲರ್ ಎಂಬ ಅಧಿಕಾರಿಗಳು ಮೊದಲ ಬಾರಿಗೆ ಅದನ್ನು ಮುಂದಾಗಿ ಹೇಳಿದರು, ಹೇಳಿದಂತೆಯೇ ಅಂದು ಸಂಜೆ ಅದು ಬಂದಿತು. ಅಪಾಯದ ಹೆಸರನ್ನು ಬಾಯಿ ಬಿಟ್ಟು ಹೇಳಲು ಒಂದು ದೇಶಕ್ಕೆ ಇಷ್ಟು ಕಾಲ ಹಿಡಿಯಿತೆಂಬುದು ಶಬ್ದೋಪಾಸಕನಾದ ನನಗೆ ಬಹಳ ಯೋಚನೆಗೆ ಕಾರಣವಾಯಿತು. ಹೆಸರಿಲ್ಲದ ಭಯ ದೊಡ್ಡದು. ಹೆಸರಿಟ್ಟ ಭಯಕ್ಕೆ ಉಪಾಯವುಂಟು.

ಡಿಸೆಂಬರ್ 9, ಶನಿವಾರ. ಮಧ್ಯಾಹ್ನದ ಹೊತ್ತಿಗೆ ‘ವಾಚ್’ ಹೊರಟಿತು. ಎರಡು ಗಂಟೆಯ ಸುಮಾರಿಗೆ, ವಾಯವ್ಯಕ್ಕೆ ಸುಮಾರು ಎಪ್ಪತ್ತು ಕಿಲೋಮೀಟರು ದೂರದ ಕ್ಲಾರ್ಕ್ಸ್‌ವಿಲ್ ಪಟ್ಟಣಕ್ಕೆ ಸುಂಟರಗಾಳಿ ಬಡಿದ ಸುದ್ದಿ ಬಂದಿತು. ಸಂಜೆ ನಾಲ್ಕೂವರೆಯ ಸಮಯದಲ್ಲಿ ಮನೆಯಲ್ಲಿದ್ದ ಮೊಬೈಲುಗಳೆಲ್ಲವೂ ಏಕಕಾಲಕ್ಕೆ ಅರಚಿಕೊಂಡವು. ಹೊರಗೆ ಸೈರನ್ ಏಳತೊಡಗಿತು. ಯಾರೂ ಕೂಗಲಿಲ್ಲ, ಯಾರೂ ಓಡಲಿಲ್ಲ. ಮಗಳು ಕೂಸನ್ನು ಆಸನದಲ್ಲಿ ಬಿಗಿದಳು. ಅಳಿಯಂದಿರು, “ಮಾವಾರ, ಮೊದಲ ನೀವು ಬರ್ರಿ” ಎಂದು ನನ್ನ ಕೈ ಹಿಡಿದರು. ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಮುದುಕಿಯೊಬ್ಬರಿಗೆ ಮುಂಚಿತವಾಗಿಯೇ ಹೇಳಿಟ್ಟಿದ್ದರು. ಅವರು ತಮ್ಮ ಬೂಟನ್ನೂ ಕೈದೀಪವನ್ನೂ ಹಿಡಿದು ಬಂದು ಸೇರಿದರು. ಹೀಗೆ ಏಳು ಜೀವಗಳು ಮೆಟ್ಟಿಲುಗಳ ಕೆಳಗೆ ಕುಳಿತೆವು.

ಆ ಕತ್ತಲಲ್ಲಿ ನನಗೆ ಪಾಠ ಹೇಳಿದವಳು ಐದು ವರ್ಷದ ಮೊಮ್ಮಗಳು. “ಅಜ್ಜಾ, ಹಂಗಲ್ಲ. ಮೊಣಕಾಲು ಊರು. ತಲಿ ಕೆಳಗ ಮಾಡು. ಎರಡೂ ಕೈ ಕುತ್ತಿಗಿ ಹಿಂದ ಇಡು” ಎಂದು, ಮೂವತ್ತು ವರ್ಷಗಳಿಂದ ಮಕ್ಕಳನ್ನು ತಿದ್ದಿದ ಈ ಮಾಸ್ತರನನ್ನು ತಿದ್ದಿದಳು. ಅವಳ ಶಾಲೆಯಲ್ಲಿ ಮಕ್ಕಳನ್ನು ಒಳಪಡಸಾಲೆಯ ಗೋಡೆಗೆ ಮುಖ ಮಾಡಿ ಕೂಡಿಸಿ ಇದನ್ನು ಅಭ್ಯಾಸ ಮಾಡಿಸುತ್ತಾರಂತೆ. ಅವಳಿಗೆ ಅದು ಭಯದ ವಿಷಯವಾಗಿರಲಿಲ್ಲ. ಮಗ್ಗಿಯಂತೆ ಬಾಯಿಗೆ ಬಂದ ವಿಷಯವಾಗಿತ್ತು. ನಾನು ಅವಳು ಹೇಳಿದಂತೆ ಬಾಗಿದೆನು. ವಿದ್ಯುತ್ತು ಹೋಯಿತು. ಮಳೆಯ ಸಪ್ಪಳ ಒಮ್ಮೆ ಬಿರುಸಾಯಿತು. ಬಳಿಕ ಎಲ್ಲವೂ ಸ್ತಬ್ಧವಾಯಿತು. ಕೂಸು ನಿದ್ದೆ ಹೋಗಿತ್ತು. ಅದರ ಉಸಿರು ನನ್ನ ಕಿವಿಗೆ ಕೇಳಿಸುತ್ತಿತ್ತು. ಇನ್ನಾವ ಶಬ್ದವನ್ನೂ ನಾನು ಅಷ್ಟು ಶ್ರದ್ಧೆಯಿಂದ ಆಲಿಸಿದ್ದು ನೆನಪಿಲ್ಲ.

ಸುಂಟರಗಾಳಿಯು ನಮ್ಮಿಂದ ಕೆಲವೇ ಮೈಲು ದೂರದ ಮ್ಯಾಡಿಸನ್ ಭಾಗವನ್ನು ಹೊಕ್ಕು, ಹೆಂಡರ್ಸನ್‌ವಿಲ್ ಕಡೆಗೆ ಸಾಗಿತ್ತು. ಅಂದು ಕ್ಲಾರ್ಕ್ಸ್‌ವಿಲ್‌ನಲ್ಲಿ ಮೂವರು, ಮ್ಯಾಡಿಸನ್‌ನಲ್ಲಿ ಮೂವರು ಅಸುನೀಗಿದರು; ಅವರಲ್ಲಿ ಎಳೆಯ ಮಕ್ಕಳೂ ಇದ್ದರು. ಹತ್ತಾರು ಸಾವಿರ ಮನೆಗಳಲ್ಲಿ ದೀಪವಿಲ್ಲವಾಯಿತು. ಬೆಚ್ಚನೆಯ ಗಾಳಿಯ ಬೆನ್ನ ಹಿಂದೆಯೇ ಬಂದ ಶೀತವಾಯು ಮರುದಿನ ಆ ನಗರವನ್ನು ನಡುಗಿಸಿತು. ಮಾಡು ಹಾರಿಹೋದವರಿಗೆ ಚಳಿಯೂ ಶತ್ರುವಾಯಿತು. ಅಳಿಯಂದಿರ ಗೆಳೆಯರಾದ ಕನ್ನಡಿಗರು ಕೆಲವರು ನಮ್ಮ ಮನೆಯಲ್ಲಿ ಕೂಡಿ ಅನ್ನ ಸಾರು ಮಾಡಿ, ಕಂಬಳಿಗಳನ್ನು ಹೊರೆ ಕಟ್ಟಿ ಒಯ್ದರು. ಮಡದಿಯು ಹೊದೆಸಲೆಂದು ಊರಿನಿಂದ ತಂದಿದ್ದ ಕೌದಿಯೂ ಆ ಹೊರೆಯಲ್ಲಿ ಹೋಯಿತು.

ಒಂದು ಸಂಗತಿ ನನ್ನ ಮನಸ್ಸನ್ನು ಇಂದಿಗೂ ಬಿಟ್ಟಿಲ್ಲ. ಮ್ಯಾಡಿಸನ್‌ನಲ್ಲಿ ಮಡಿದವರು ಇದ್ದದ್ದು ಮೊಬೈಲ್ ಹೋಮ್ ಎಂದು ಕರೆಯುವ, ಅಡಿಪಾಯವಿಲ್ಲದ ಹಗುರವಾದ ಮನೆಗಳಲ್ಲಿ. ಬಡವರು, ದುಡಿಯಲು ಬಂದವರು, ವೃದ್ಧರು ಹೆಚ್ಚಾಗಿ ಇಂಥವುಗಳಲ್ಲಿ ಇರುತ್ತಾರೆ. ಅಂಥ ಮನೆಯೊಳಗೆ ಯಾವ ಮೂಲೆಯೂ ಸುರಕ್ಷಿತವಲ್ಲ. ಸೈರನ್ ಕೇಳಿದ ಮೇಲೆ ಹೊರಟರೆ ಹೊತ್ತು ಮೀರಿರುತ್ತದೆ. ಅವರು ‘ವಾಚ್’ ಬಂದಾಗಲೇ ಗಟ್ಟಿ ಕಟ್ಟಡವೊಂದಕ್ಕೆ ಹೋಗಬೇಕು, ಅಂದರೆ ಹೋಗಲು ಅಂಥ ಕಟ್ಟಡವೊಂದು ಹತ್ತಿರದಲ್ಲಿರಬೇಕು, ಬಾಗಿಲು ತೆರೆದಿರಬೇಕು. ಗಾಳಿ ಎಲ್ಲರಿಗೂ ಒಂದೇ. ಗೋಡೆ ಎಲ್ಲರಿಗೂ ಒಂದೇ ಅಲ್ಲ. ದೈವವನ್ನು ದೂರುವ ಮುನ್ನ ನೆರೆಯವನ ಗೋಡೆಯನ್ನು ನೋಡಬೇಕೆಂಬ ವಿವೇಕ ನನಗೆ ಅಲ್ಲಿ ಮೂಡಿತು.

ಆ ರಾತ್ರಿ ಮಡದಿಯು ಮಗಳ ಕೈಹಿಡಿದು ಅತ್ತಳು. “ಸಾಕವ್ವಾ ಈ ಊರು. ಕೂಸುಗಳನ್ನ ಕರಕೊಂಡು ನಮ್ಮ ಜೋಡಿ ನಡಿ” ಎಂದಳು. ಮಗಳು ತುಸು ಹೊತ್ತು ಮೌನವಾಗಿದ್ದಳು. ಅವಳಿಗೆ ಇದು ಮೊದಲ ಅನುಭವವಲ್ಲ. 2020ರ ಮಾರ್ಚ್ 3ರ ನಡುರಾತ್ರಿ ನ್ಯಾಶ್‌ವಿಲ್ ನಗರವನ್ನು ಸೀಳಿಕೊಂಡು ಹೋದ ಸುಂಟರಗಾಳಿಯನ್ನೂ, ಅದೇ ಮೋಡವು ಮುಂದೆ ಕುಕ್‌ವಿಲ್ ಬಳಿ 19 ಜನರನ್ನು ನಿದ್ದೆಯಲ್ಲಿಯೇ ಬಲಿತೆಗೆದುಕೊಂಡದ್ದನ್ನೂ ಅವಳು ಕಂಡವಳು; ಆಗ ಹಿರಿಯ ಕೂಸು ಇನ್ನೂ ತೊಡೆಯ ಮೇಲಿತ್ತು. ಬಳಿಕ ಅವಳು ನನ್ನ ಕಡೆಗೆ ತಿರುಗಿ, “ಅಪ್ಪಾಜಿ, ನಮ್ಮ ಕಡೆ ವರ್ಷಾ ಹೊಲದಾಗ ಸಿಡಿಲು ಬಡದು ಮಂದಿ ಸಾಯ್ತಾರ. ಅದಕ್ಕಂತ ಯಾರರ ಹೊಲಾ ಬಿಟ್ಟಾರೇನ್ರಿ? ಗಿಡದ ಬುಡಕ್ಕ ನಿಂದರಬಾರದಂತ ಕಲ್ತಾರ. ನಾವೂ ಕಲ್ತೀವ್ರಿ” ಎಂದಳು.

ನಾನು ಅವಳಿಗೆ ಮರಳಿ ಬಾ ಎನ್ನಲಿಲ್ಲ. ಎನ್ನಬೇಕೆಂಬ ಆಸೆ ಗಂಟಲವರೆಗೂ ಬಂದಿತ್ತೆಂಬುದನ್ನು ಮುಚ್ಚಿಡಲಾರೆ. ತಂದೆಯ ಕರುಳು ತರ್ಕವನ್ನು ಕೇಳುವಂಥದಲ್ಲ. ಆದರೆ ಅವಳ ಮಾತಿನಲ್ಲಿ ಧೈರ್ಯದ ಜಂಭವೂ ಇರಲಿಲ್ಲ, ಹಣೆಬರಹದ ಸೋಗೂ ಇರಲಿಲ್ಲ. ಅವಳು ಬಿಸಿಲನ್ನು ಅನುಭವಿಸಿದ್ದಳು. ಅದರ ಜೊತೆಗೆ ಬೂಟನ್ನೂ ಜೋಡಿಸಿದ್ದಳು. ಅಪಾಯದ ನಾಡಿನಲ್ಲಿ ಬಾಳುವುದೆಂದರೆ ಇಷ್ಟೇ ಎಂದು ನನಗೆ ತೋರಿತು. ಸದಾ ಹೆದರಿಕೊಂಡಿರುವವನು ಬಾಳಲಾರ. ಎಂದೂ ಹೆದರದವನು ಉಳಿಯಲಾರ. ಎರಡರ ನಡುವೆ ಎಚ್ಚರವೆಂಬ ಒಂದು ದಾರಿಯಿದೆ, ಮತ್ತು ಆ ಎಚ್ಚರ ಭಾವನೆಯಲ್ಲ, ನಿಯಮ. ಭಾವನೆ ಗುಡುಗಿದಾಗ ಹುಟ್ಟಿ ಮಳೆ ನಿಂತಾಗ ಸಾಯುತ್ತದೆ. ನಿಯಮವನ್ನು ಹಿತವಾದ ದಿನದಲ್ಲಿ, ಮನಸ್ಸು ತಿಳಿಯಾಗಿದ್ದಾಗ ಹಾಕಿಕೊಂಡಿರಬೇಕು. ಕೇಡಿನ ಹತ್ತು ನಿಮಿಷಗಳಲ್ಲಿ ಅದು ತಾನಾಗಿ ಕೈಕಾಲುಗಳನ್ನು ನಡೆಸುತ್ತದೆ.

ನಮ್ಮಲ್ಲಿ ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯುಂಟು. ಅವಕಾಶ ಬಂದಾಗ ಕೈಬಿಡಬೇಡವೆಂದು ಅದರ ತಾತ್ಪರ್ಯ. ಕಣದಲ್ಲಿ ರಾಶಿ ಮಾಡಿದವರಿಗೆ ತಿಳಿದಿರುವಂತೆ, ಗಾಳಿ ಬಂದ ಮೇಲೆ ಮೊರ ಹುಡುಕುವವನು ತೂರಲಾರ. ಮೊರವನ್ನು ಮೊದಲೇ ಕಣದಲ್ಲಿ ಇಟ್ಟುಕೊಂಡವನಿಗೆ ಮಾತ್ರ ಗಾಳಿ ಒದಗುತ್ತದೆ. ಆ ದೇಶದ ಗಾಳಿ ತೂರಿಕೊಳ್ಳುವ ಗಾಳಿಯಲ್ಲ, ಅವಿತುಕೊಳ್ಳುವ ಗಾಳಿ. ಆದರೂ ಗಾದೆಯ ಒಳಗಿನ ಆ ಸಿದ್ಧತೆಯ ಮಾತು ಎರಡು ಕಡೆಗೂ ಸಲ್ಲುತ್ತದೆ.

ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಐದು ವರ್ಷದ ಮಗು ಕತ್ತಲಲ್ಲಿ ಹಿರಿಯರಿಗೆ ದಾರಿ ತೋರಿದ್ದು ಅದರ ಜಾಣತನದಿಂದಲ್ಲ. ಯಾರೋ ಒಬ್ಬ ಗುರು ಬಿಸಿಲು ಚೆನ್ನಾಗಿದ್ದ ಒಂದು ದಿನ, ಬೇಸರಿಸದೆ, ಅದನ್ನು ಗೋಡೆಯ ಬದಿಗೆ ಕೂಡಿಸಿ ಕಲಿಸಿದ್ದರಿಂದ. ಸಿಡಿಲು, ಬೆಂಕಿ, ಕೆರೆ, ಹಾವು: ನಮ್ಮ ಮಕ್ಕಳ ನೆಲದ ಅಪಾಯಗಳು ಬೇರೆ. ಅವಕ್ಕೂ ಅಂಥ ಪಾಠವೊಂದು ಬೇಕು, ವರ್ಷಕ್ಕೊಂದು ಭಾಷಣವಲ್ಲ, ಮಗ್ಗಿಯಂತೆ ಮೈಗೂಡುವ ಅಭ್ಯಾಸ. ದಾನಿಗಳು ಕಟ್ಟಿಸಿಕೊಡುವ ಕೋಣೆಗಳ ಗೋಡೆ ಗಟ್ಟಿಯಾಗಿರಲಿ. ಆಪತ್ತಿನ ದಿನ ಸುತ್ತಲಿನ ಗುಡಿಸಲಿನವರಿಗೂ ಅವುಗಳ ಬಾಗಿಲು ತೆರೆಯಲಿ.

ದೂರದ ಆ ನಾಡಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಹರಸುವುದಿಷ್ಟೆ: ಮಾಗಿಯೊಳಗೆ ವೈಶಾಖ ಬಂದ ದಿನ ಕಿಟಕಿ ತೆರೆಯಿರಿ, ಕೂಸನ್ನು ಬಿಸಿಲಿಗೆ ಆಡಿಸಿರಿ, ಹಾಗೆಯೇ ಪಕ್ಕದ ಮನೆಯ ಒಂಟಿ ಜೀವಕ್ಕೆ ಒಂದು ಮಾತು ಹೇಳಿಡಿರಿ. ಇಲ್ಲಿರುವ ತಾಯ್ತಂದೆಗಳು ಇನ್ನು ಮೇಲೆ ದೂರವಾಣಿಯಲ್ಲಿ ‘ಬೆಚ್ಚಗೈತಿ’ ಎಂಬ ಉತ್ತರವನ್ನು ಕೇಳಿದಾಗ, ಸಂತೋಷದ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: “ಬೂಟು ಎಲ್ಲಿಟ್ಟೀರಿ?” ನನ್ನ ಮಡದಿ ಈಗ ಪ್ರತಿ ಡಿಸೆಂಬರಿನಲ್ಲಿ ಕೇಳುವ ಮೊದಲ ಮಾತು ಅದೇ.